ಯೆಲ್ಲೋಸ್ಟೋನ್ ಗೆರೆ ದಾಟಿದ ತೋಳ: ಹೊಡೆಯಬೇಕಾ, ಬಿಡಬೇಕಾ? ಬೇಟೆಗಾರರು ಮಾತಾಡಿ

ಎಲ್ಕ್‌ಬಸವ (ಲಿವಿಂಗ್‌ಸ್ಟನ್, ಮೊಂಟಾನಾ)

ಎಲ್ಲರಿಗೂ ನಮಸ್ಕಾರ. ಹೋದ ವಾರ ಬೇರೊಂದು ಚರ್ಚೆಯಲ್ಲಿ ಯಾರೋ "ಮೊಂಟಾನಾದ ಬೇಟೆಗಾರರೆಲ್ಲ ಕಟುಕರು" ಅಂತ ಬರೆದಿದ್ದರು. ಅಲ್ಲೇ ಉತ್ತರ ಕೊಡೋಣ ಅಂತ ಕೂತೆ, ಉದ್ದ ಆಯ್ತು. ಅದಕ್ಕೆ ಇಲ್ಲಿ ಬೇರೆಯಾಗಿ ಹಾಕುತ್ತಿದ್ದೇನೆ.

ನಾನು ಹಾವೇರಿ ಕಡೆಯವನು. ಇಲ್ಲಿಗೆ ಬಂದು 14 ವರ್ಷ ಆಯ್ತು. ಪಕ್ಕದ ಮನೆಯವರ ಜೊತೆ ಸುಮ್ನೆ ನೋಡಲು ಹೋದವನು ಎಲ್ಕ್ ಬೇಟೆ ಕಲಿತೆ. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ ಅಂದುಕೊಳ್ಳಿ. ಒಂದು ಸಿಕ್ಕರೆ ನಮ್ಮ ಫ್ರೀಜರ್ ವರ್ಷಪೂರ್ತಿ ತುಂಬಿರುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಮ್ಮ ಪಕ್ಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಪಾರ್ಕಿನ ಒಳಗೆ 1894ರಿಂದ ಬೇಟೆ ನಿಷೇಧ. ಹಾಗಿದ್ದೂ ತೋಳವನ್ನು ಮಾತ್ರ ಪಾರ್ಕಿನ ಸಿಬ್ಬಂದಿಯೇ ಹೊಡೆದು ಹೊಡೆದು 1926ರ ಹೊತ್ತಿಗೆ ಮುಗಿಸಿದರು. ಆಮೇಲೆ 1995-96ರಲ್ಲಿ ಕೆನಡಾದಿಂದ 31 ತೋಳ ತಂದು ಬಿಟ್ಟರು. 2011ರಲ್ಲಿ ಅಮೆರಿಕದ ಸಂಸತ್ತು ಮೊಂಟಾನಾ, ಐಡಾಹೋದ ತೋಳಗಳನ್ನು ಅಳಿವಿನಂಚಿನ ಪಟ್ಟಿಯಿಂದ ತೆಗೆಯಿತು. ಅಲ್ಲಿಂದ ಬೇಟೆ ರಾಜ್ಯದ ಕೈಗೆ ಬಂತು.

ಪಾರ್ಕಿನ ಉತ್ತರದ ಗಡಿಗೆ ಅಂಟಿಕೊಂಡು ಎರಡು ಚಿಕ್ಕ ಬೇಟೆ ವಲಯಗಳಿವೆ. ಗಾರ್ಡಿನರ್ ಊರಿನ ಕಡೆ 313, ಕುಕ್ ಸಿಟಿ ಕಡೆ 316. ಇಲ್ಲಿ ವರ್ಷಕ್ಕೆ ಕೆಲವೇ ತೋಳ ಅನ್ನೋ ಕೋಟಾ ಇತ್ತು. 2021ರಲ್ಲಿ ಅದನ್ನು ಕಿತ್ತುಹಾಕಿದರು. ಆ ಚಳಿಗಾಲದಲ್ಲಿ ಪಾರ್ಕಿನಿಂದ ಹೊರಬಂದ ಸುಮಾರು 25 ತೋಳ ಸತ್ತವು. ಅದರಲ್ಲಿ 19 ಮೊಂಟಾನಾದಲ್ಲೇ. ಪಾರ್ಕಿನ ಒಟ್ಟು ತೋಳಗಳಲ್ಲಿ ಹತ್ತಿರಹತ್ತಿರ ಐದರಲ್ಲೊಂದು. ಫ್ಯಾಂಟಮ್ ಲೇಕ್ ಅನ್ನೋ ಗುಂಪೇ ಇಲ್ಲವಾಯಿತು. ಗಲಾಟೆ ಆಗಿ 2022ರಲ್ಲಿ ಎರಡೂ ವಲಯ ಸೇರಿಸಿ ಆರು ಅಂತ ಕೋಟಾ ಮತ್ತೆ ಬಂತು.

ಈಗ ನನ್ನ ವಿಷಯ. 2021ರ ನವೆಂಬರ್. ಗಾರ್ಡಿನರ್ ಮೇಲಿನ ಗುಡ್ಡದಲ್ಲಿದ್ದೆ. ಜೇಬಲ್ಲಿ ಎಲ್ಕ್ ಟ್ಯಾಗ್ (ಬೇಟೆಯ ಪರವಾನಗಿ ಚೀಟಿ) ಇತ್ತು, ತೋಳದ್ದೂ ಇತ್ತು. ಬೆಳಗ್ಗೆ ಏಳೂವರೆ ಇರಬೇಕು. ಹಿಮದ ಮೇಲೆ ಒಂದು ಬೂದು ತೋಳ ಬಂತು, ಹಿಂದೆ ಒಂದು ಕಪ್ಪು. 150 ಗಜ ಇರಬಹುದು. ನಾನು ಬಂದೂಕು ಎತ್ತಿದೆ. ಬೂದು ನನ್ನನ್ನು ನೋಡಿತು. ಓಡಲಿಲ್ಲ. ಕೂತುಕೊಂಡಿತು! ಹಿಂಗಾಲಲ್ಲಿ ಕಿವಿ ಕೆರೆದುಕೊಂಡಿತು. ನಮ್ಮೂರಲ್ಲಿ ಚಹಾದಂಗಡಿ ಮುಂದೆ ನಾಯಿ ಬನ್ನಿಗೆ ಕಾಯುತ್ತದಲ್ಲ, ಥೇಟ್ ಹಾಗೆ.

ಹೊಡೆಯಲಿಲ್ಲ. ಕ್ಯಾಂಪಿನಲ್ಲಿ ಎಲ್ಲ ನಕ್ಕರು. ಕಾನೂನು ನನ್ನ ಕಡೆ ಇತ್ತು. ತೋಳದ ಬೇಟೆ ತಪ್ಪು ಅಂತಲೂ ನಾನು ಹೇಳುವವನಲ್ಲ. ಆದರೂ ಗೆರೆ ಪಕ್ಕದಲ್ಲಿ ನಿಂತು ಕಾಯೋದು ಬೇಟೆನಾ ಅನ್ನೋ ಪ್ರಶ್ನೆ ಅವತ್ತಿಂದ ಹೋಗಿಲ್ಲ. ಬೇಟೆ ಆಡುವವರು, ಆಡಿದವರು ಹೇಳಿ. ಬರೀ ಬೈಯೋಕೆ ಬರುವವರು ಬೇಡ.

ಐಡಾಹೋಗೌಡ (ಬಾಯ್ಸಿ)

ಬಸವಣ್ಣ, ಕಥೆ ಚೆನ್ನಾಗಿದೆ. ಆದರೆ ನಾನಾಗಿದ್ದರೆ ಹೊಡೆಯುತ್ತಿದ್ದೆ. ಬಚ್ಚಿಟ್ಟು ಹೇಳಿ ಏನುಪಯೋಗ.

ಪಾರ್ಕಿಗೆ 22 ಲಕ್ಷ ಎಕರೆ ಇದೆ. ಅದೇ ತೋಳಕ್ಕೆ ಬಿಟ್ಟ ಜಾಗ. ಅದರಾಚೆ ಹತ್ತು ಮೈಲಿ ಬೇಟೆ ಇಲ್ಲದ ಬಫರ್ ಜಾಗ ಬಿಟ್ಟಿರಿ ಅಂತಿಟ್ಟುಕೊಳ್ಳಿ. ತೋಳ ಹನ್ನೊಂದನೇ ಮೈಲಿಗೂ ಹೋಗುತ್ತದೆ. ಆಗ ಬಫರಿಗೊಂದು ಬಫರ್ ಕೇಳುತ್ತೀರಿ. ಗೆರೆ ಅಂದಮೇಲೆ ಗೆರೆ. ಒಳಗೆ ನಾವು ಕಾಲಿಡಲ್ಲ, ಹೊರಗೆ ನಮ್ಮನ್ನು ತಡೆಯಬೇಡಿ.

ಎರಡನೇದು, ಎಲ್ಕ್. ಪಾರ್ಕಿನ ಉತ್ತರದ ಹಿಂಡು 1994ರಲ್ಲಿ ಸುಮಾರು 19,000 ಇತ್ತು. 2013ಕ್ಕೆ 4,000ಕ್ಕಿಂತ ಕೆಳಗೆ ಬಂತು. ನನ್ನ ಮಾವ (ಹೆಂಡತಿ ಅಲ್ಲಿಯವಳೇ) ಗಾರ್ಡಿನರ್‌ನಲ್ಲಿ ಜನವರಿ ಬೇಟೆಗೆ ಬಂದವರನ್ನು ಕುದುರೆ ಮೇಲೆ ಕರೆದುಕೊಂಡು ಹೋಗುತ್ತಿದ್ದ. ಆ ಬೇಟೆಯೇ ನಿಂತುಹೋಯಿತು. ಕುದುರೆ ಮಾರಿದ. ಅವನ ಮುಂದೆ ಹೋಗಿ "ತೋಳ ಪಾಪ" ಅಂತ ಹೇಳಿ ನೋಡಿ.

ಇನ್ನೊಂದು ಮಾತು. ಇಲ್ಲಿ ಕಾಡುಪ್ರಾಣಿಗಳಿಗೆ ದುಡ್ಡು ಹಾಕಿದ್ದು ಯಾರು? 1937ರಿಂದ ಪ್ರತಿ ರೈಫಲ್, ಪ್ರತಿ ತೋಟಾ ಮೇಲೆ ನಾವು 11% ತೆರಿಗೆ ಕಟ್ಟುತ್ತಿದ್ದೇವೆ. ಮೇಲೆ ಲೈಸೆನ್ಸ್ ದುಡ್ಡು ಬೇರೆ. ಕ್ಯಾಮೆರಾ ಲೆನ್ಸಿನ ಮೇಲೆ ಆ ತೆರಿಗೆ ಇಲ್ಲ, ನೆನಪಿರಲಿ.

ಅಂಕಿಅಂಶ (ಮಿನಿಯಾಪೊಲಿಸ್)

ಗೌಡ್ರೇ, 19,000 ಸರಿ, 4,000 ಸರಿ. ನಡುವಿನ ಕಥೆ ಬಿಟ್ಟಿರಿ.

ಆ ಜನವರಿ ಬೇಟೆಯಲ್ಲಿ ಹೊಡೆಯುತ್ತಿದ್ದದ್ದು ಹೆಚ್ಚಾಗಿ ಹೆಣ್ಣು ಎಲ್ಕ್. ಹಿಂಡು ಜಾಸ್ತಿ ಆಗಿದೆ, ಕಮ್ಮಿ ಮಾಡಬೇಕು ಅಂತಲೇ ಇಲಾಖೆ ಆ ಬೇಟೆ ಇಟ್ಟಿತ್ತು. ಅದರ ಮೇಲೆ ವರ್ಷಗಟ್ಟಲೆ ಬರ ಬಂತು. ಗ್ರಿಜ್ಲಿ ಕರಡಿ ಜಾಸ್ತಿ ಆದವು. ಹುಟ್ಟಿದ ಮೊದಲ ವಾರಗಳಲ್ಲಿ ಮರಿಗಳನ್ನು ಹೆಚ್ಚು ತಿನ್ನೋದು ಕರಡಿ, ತೋಳ ಅಲ್ಲ. ಪೂಮಾ (ಅಲ್ಲಿನ ದೊಡ್ಡ ಕಾಡುಬೆಕ್ಕು) ಕೂಡ ವಾಪಸ್ ಬಂತು. ಇಷ್ಟರ ಜೊತೆ ತೋಳವೂ ಸೇರಿತು. ತೋಳದ ಪಾಲು ಇಲ್ಲ ಅಂತ ನಾನು ಹೇಳುತ್ತಿಲ್ಲ. ಇಡೀ ಪಟ್ಟಿಯನ್ನು ಅದರ ತಲೆಗೆ ಕಟ್ಟಬೇಡಿ ಅಂತಷ್ಟೇ. 2018ಕ್ಕೆ ಅದೇ ಹಿಂಡು 7,500 ದಾಟಿತ್ತು, ತೋಳ ಅಲ್ಲೇ ಇದ್ದಾಗಲೇ.

ನಮ್ಮ ಕಡೆ ಗಾದೆ ಇದೆಯಲ್ಲ, ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಎಲ್ಕ್ ಲೆಕ್ಕದಲ್ಲಿ ಅದೇ ಆಗಿದೆ.

ಆದರೆ ಒಂದು ವಿಷಯದಲ್ಲಿ ನಾನು ನಿಮ್ಮ ಕಡೆಯೇ. ಮೊಂಟಾನಾದಲ್ಲಿ ಸುಮಾರು 1,100 ತೋಳ ಇವೆ. ಗಡಿಯಲ್ಲಿ ಆರು ಸತ್ತರೂ 25 ಸತ್ತರೂ ಆ ಜಾತಿ ಅಳಿಯೋದಿಲ್ಲ. "ತೋಳ ನಾಶವಾಗುತ್ತದೆ" ಅಂತ ಕೂಗುವವರು ಸುಳ್ಳು ಹೇಳುತ್ತಿದ್ದಾರೆ. ಪ್ರಶ್ನೆ ತಲೆ ಎಣಿಕೆಯದ್ದಲ್ಲ, ಗುಂಪಿನದ್ದು. ಯೆಲ್ಲೋಸ್ಟೋನ್, ಡೆನಾಲಿ ಸೇರಿ ಐದು ಪಾರ್ಕುಗಳ ಮಾಹಿತಿ ಒಟ್ಟಿಗೆ ನೋಡಿದ ಅಧ್ಯಯನ 2023ರಲ್ಲಿ ಬಂತು. ಮನುಷ್ಯರಿಂದ ಒಂದು ತೋಳ ಸತ್ತರೂ ಆ ಗುಂಪು ವರ್ಷದ ಕೊನೆವರೆಗೆ ಉಳಿಯೋ ಸಾಧ್ಯತೆ ಕಮ್ಮಿ ಆಗುತ್ತದೆ. ಸತ್ತದ್ದು ಗುಂಪಿನ ಯಜಮಾನಿಯೋ ಯಜಮಾನನೋ ಆದರೆ ಇನ್ನೂ ಜಾಸ್ತಿ ಹೊಡೆತ. ಬೇಟೆಗಾರ ಹೊಡೆಯೋದು ಒಂದನ್ನೇ, ಒಡೆಯೋದು ಮನೆ.

ಸ್ಪಾಟಿಂಗ್‌ಸ್ಕೋಪ್ (ಸಿಯಾಟಲ್)

ನಾನು ಬೇಟೆಗಾರ್ತಿ ಅಲ್ಲ. ಬಸವ ಅವರೇ, ಬೈಯೋಕೂ ಬಂದಿಲ್ಲ, ಆದ್ದರಿಂದ ಬರೆಯಬಹುದು ಅಂದುಕೊಂಡಿದ್ದೇನೆ.

ಪ್ರತಿ ಫೆಬ್ರವರಿ ಪಾರ್ಕಿನೊಳಗಿನ ಲಾಮಾರ್ ಕಣಿವೆಗೆ ತೋಳ ನೋಡಲು ಹೋಗುತ್ತೇನೆ. ಮೈನಸ್ 25ರಲ್ಲಿ ರಸ್ತೆ ಬದಿ ದುರ್ಬೀನು ನಿಲ್ಲಿಸಿಕೊಂಡು, ಫ್ಲಾಸ್ಕಿನಲ್ಲಿ ಕಾಫಿ ಹಿಡಿದುಕೊಂಡು ನಿಂತಿರುವ ಹುಚ್ಚರಲ್ಲಿ ನಾನೂ ಒಬ್ಬಳು. 926ಎಫ್ ಅಂತ ಸಂಶೋಧಕರು ನಂಬರಿಟ್ಟ ಹೆಣ್ಣು ತೋಳವನ್ನು ಮೂರು ಚಳಿಗಾಲ ನೋಡಿದ್ದೆ. 2018ರ ನವೆಂಬರಿನಲ್ಲಿ ಕುಕ್ ಸಿಟಿ ಹತ್ತಿರ, ಪಾರ್ಕಿನಿಂದ ಕೆಲವೇ ಮೈಲಿ ಆಚೆ, ಅದನ್ನು ಹೊಡೆದರು. ಕಾನೂನಿನ ಪ್ರಕಾರವೇ. ಅದರ ಅಮ್ಮ 832ಎಫ್ ಕೂಡ 2012ರಲ್ಲಿ ವಯೋಮಿಂಗ್‌ನಲ್ಲಿ ಹೀಗೇ ಗೆರೆ ದಾಟಿ ಸತ್ತದ್ದು. ಎರಡು ತಲೆಮಾರು.

ಬಸವ ಅವರು ಹೇಳಿದ್ದು ಓದಿ ನನಗೆ ಕಸಿವಿಸಿ ಆಯ್ತು. ಆ ತೋಳ ಕೂತದ್ದು ಯಾಕೆ? ನಾವು ಕಲಿಸಿದ್ದೇವೆ. ವರ್ಷಗಟ್ಟಲೆ ರಸ್ತೆ ಬದಿ ನೂರಾರು ಜನ ನಿಂತು, ಎರಡು ಕಾಲಿನ ಪ್ರಾಣಿ ಏನೂ ಮಾಡಲ್ಲ ಅಂತ ಅದಕ್ಕೆ ಪಾಠ ಹೇಳಿದ್ದೇವೆ. ಹಾಗಾಗಿ ಈ ಸಾವಿನಲ್ಲಿ ನನ್ನ ಪಾಲೂ ಇದೆ. ಒಪ್ಪುತ್ತೇನೆ.

ದುಡ್ಡಿನ ಮಾತು ಬಂದದ್ದರಿಂದ ಒಂದು ಮಾತು. ತೋಳ ನೋಡಲೆಂದೇ ಬರುವವರು ಸುತ್ತಲಿನ ಮೂರು ರಾಜ್ಯಗಳಲ್ಲಿ ವರ್ಷಕ್ಕೆ ಸುಮಾರು 3.5 ಕೋಟಿ ಡಾಲರ್ ಖರ್ಚು ಮಾಡುತ್ತಾರೆ ಅಂತ 2005ರ ಲೆಕ್ಕವೇ ಇದೆ. ಗಾರ್ಡಿನರ್‌ನಲ್ಲಿ ಚಳಿಗಾಲದಲ್ಲಿ ಹೋಟೆಲ್ ಬಾಗಿಲು ತೆರೆದಿದ್ದರೆ ಅದು ನಮ್ಮಂಥವರಿಂದಲೂ.

ಒಂದು ಪ್ರಶ್ನೆ. ಆ ಬೂದು ತೋಳಕ್ಕೆ ಕೊರಳಲ್ಲಿ ಸಂಶೋಧಕರು ಹಾಕುವ ರೇಡಿಯೋ ಕಾಲರ್ ಇತ್ತಾ?

ಐಡಾಹೋಗೌಡ

ಮೇಡಂ, ನೀವು ಪ್ರಾಮಾಣಿಕವಾಗಿ ಬರೆದಿದ್ದೀರಿ, ಗೌರವ ಇದೆ. ಆದರೆ ನಂಬರಿಟ್ಟು, ಅಡ್ಡಹೆಸರಿಟ್ಟು, ವಂಶಾವಳಿ ಬರೆದರೆ ಯಾವ ಪ್ರಾಣಿ ಸತ್ತರೂ ಸೂತಕವೇ. ನಾನು ಹೊಡೆದ ಎಲ್ಕ್‌ಗೂ ಅಮ್ಮ ಇತ್ತು. ಅದಕ್ಕೆ ಯಾರೂ ನಂಬರ್ ಇಡಲಿಲ್ಲ.

ಪಾರ್ಕಿನವರು ತೋಳವನ್ನು ಸಾಕುಪ್ರಾಣಿ ಮಾಡಿದ್ದರೆ ಅದು ಪಾರ್ಕಿನ ತಪ್ಪು. ಗಡಿಯಾಚೆ ದನ ಸಾಕುವವನು ಯಾಕೆ ಅದರ ಸಾಲ ತೀರಿಸಬೇಕು? ಮನುಷ್ಯರ ಭಯ ಇಲ್ಲದ ತೋಳ ಒಂದು ದಿನ ಕರುಗಳ ಕೊಟ್ಟಿಗೆಗೇ ಬರುತ್ತದೆ. ಒಂದೆರಡು ಗುಂಡು ಹಾರಿದರೆ ಉಳಿದವು ಕಲಿಯುತ್ತವೆ. ನನ್ನ ಪ್ರಕಾರ ಅದೇ ತೋಳಕ್ಕೂ ಒಳ್ಳೆಯದು.

ಗರ್ಜನೆ77

[ಈ ಪ್ರತಿಕ್ರಿಯೆಯನ್ನು ತೆಗೆಯಲಾಗಿದೆ]

ನಿರ್ವಾಹಕ

ಬೇಟೆಗಾರರ ಹೆಂಡತಿ ಮಕ್ಕಳನ್ನು ಎಳೆದು ತರಬೇಡಿ. ಇನ್ನೊಂದು ಸಲ ಆದರೆ ಖಾತೆಯೇ ಬಂದ್. ಮುಂದುವರಿಸಿ.

ಮಡಿಕೇರಿಮಂಜು (ಈಗ ಮೈಸೂರು)

ನಾನು ಕೋವಿ ಇರುವ ಮನೆಯಲ್ಲಿ ಹುಟ್ಟಿದವನು. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುವವರು ನಾವು. 1972ರ ಕಾನೂನು ಬಂದಮೇಲೆ ಬೇಟೆ ನಿಂತಿತು, ಕೋವಿ ಉಳಿಯಿತು. ತಾತ ಹೇಳುತ್ತಿದ್ದದ್ದು ಒಂದೇ ಮಾತು: ಒಲೆಗೆ ಹೋಗದ್ದಕ್ಕೆ ಈಡು ಹೊಡೆಯಬೇಡ. ಹುಲಿ ಮಾತ್ರ ಬೇರೆ ಲೆಕ್ಕ. ಅದು ದನ ಹಿಡಿಯುತ್ತಿತ್ತು. ಹುಲಿ ಹೊಡೆದವನಿಗೆ ನಮ್ಮಲ್ಲಿ ನರಿ ಮಂಗಲ ಅಂತ ಮಾಡುತ್ತಿದ್ದರು. ಕೊಡವ ಭಾಷೆಯಲ್ಲಿ ನರಿ ಅಂದರೆ ಹುಲಿ, ಗುಳ್ಳೆನರಿ ಅಲ್ಲ. ಸತ್ತ ಹುಲಿಯ ಜೊತೆ ಅವನಿಗೆ ಮದುವೆಯ ಥರವೇ ಶಾಸ್ತ್ರ! ಹೊಡೆದರೂ ಅದರ ಜೊತೆ ಒಂದು ನಂಟು ಒಪ್ಪಿಕೊಳ್ಳಬೇಕಿತ್ತು.

ಅದಕ್ಕೇ ಕೇಳುತ್ತೇನೆ ಬಸವಣ್ಣ, ಅಲ್ಲಿ ತೋಳ ಹೊಡೆದಮೇಲೆ ಏನು ಮಾಡುತ್ತಾರೆ? ತಿನ್ನುತ್ತಾರಾ?

ಎಲ್ಕ್‌ಬಸವ

ಇಲ್ಲ ಮಂಜು, ಯಾರೂ ತಿನ್ನಲ್ಲ. ಎಲ್ಕ್ ಮಾಂಸವನ್ನು ಕಾಡಲ್ಲಿ ಬಿಟ್ಟು ಬಂದರೆ ಇಲ್ಲಿ ಕೇಸು ಬೀಳುತ್ತದೆ. ತೋಳಕ್ಕೆ ಆ ನಿಯಮ ಇಲ್ಲ. ಹೊಡೆದ 24 ಗಂಟೆಯೊಳಗೆ ಇಲಾಖೆಗೆ ತಿಳಿಸಬೇಕು. ಹತ್ತು ದಿನದೊಳಗೆ ಚರ್ಮ, ತಲೆಬುರುಡೆ ತೆಗೆದುಕೊಂಡು ಹೋಗಿ ತೋರಿಸಬೇಕು. ವಯಸ್ಸು ನೋಡಲು ಒಂದು ಹಲ್ಲು ಕಿತ್ತುಕೊಳ್ಳುತ್ತಾರೆ. ಆಮೇಲೆ ಚರ್ಮ ಹದ ಮಾಡಿಸಿ ಗೋಡೆಗೆ. ಇನ್ನು ಕೆಲವರು ಹೊಡೆಯೋದು ಚರ್ಮಕ್ಕೂ ಅಲ್ಲ, ಎಲ್ಕ್ ಉಳಿಸುತ್ತಿದ್ದೇನೆ ಅನ್ನೋ ಸಮಾಧಾನಕ್ಕೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೊರಗಿನವರಿಗೆ ನಾವೆಲ್ಲ ಒಂದೇ ಥರ ಕಾಣುತ್ತೇವೆ. ನಮ್ಮ ಕ್ಯಾಂಪಿನಲ್ಲಿ ಆರು ಜನ ಇದ್ದೇವೆ, ಆರು ಅಭಿಪ್ರಾಯ. 2021ರ ಕಾನೂನುಗಳಲ್ಲಿ ಉರುಳು ಹಾಕಬಹುದು ಅಂತ ಬಂತು. ಮಾಂಸ ಇಟ್ಟು ಕರೆಯಬಹುದು ಅಂತ ಬಂತು. ಖಾಸಗಿ ಜಮೀನಿನಲ್ಲಿ ರಾತ್ರಿ ಹೊತ್ತೂ ಹೊಡೆಯಬಹುದು ಅಂತ ಬಂತು. ಬೇಟೆ, ಟ್ರಾಪು ಎರಡೂ ಸೇರಿ ಒಬ್ಬರಿಗೆ 20 ತೋಳದವರೆಗೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ, 70 ದಾಟಿದವನು, ಜೀವಮಾನದಲ್ಲಿ ಒಂದು ಪ್ರತಿಭಟನೆಗೂ ಹೋದವನಲ್ಲ. ಅವನೇ ಇದನ್ನು ಓದಿ "ಇದು ಬೇಟೆ ಅಲ್ಲ, ಇಲಿ ಹಿಡಿಯೋ ಕೆಲಸ" ಅಂದ. ಅದೇ ಮನುಷ್ಯ ಬಫರ್ ಅಂದರೆ ಮಾತ್ರ ಉರಿದು ಬೀಳುತ್ತಾನೆ. ಹೇಗೆ ಬೇಟೆ ಆಡಬೇಕು ಅಂತ ಹೇಳಿಸಿಕೊಳ್ಳೋಕೆ ಅವನು ತಯಾರು. ಎಲ್ಲಿ ಅಂತ ಹೇಳಿಸಿಕೊಳ್ಳೋಕೆ ಅಲ್ಲ.

ಐಡಾಹೋಗೌಡ

ಆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಉರುಳು ನನಗೂ ಆಗಲ್ಲ. ನಾಯಿ ಬೀಳುತ್ತದೆ, ಬೇರೆ ಪ್ರಾಣಿ ಬೀಳುತ್ತದೆ.

2024ರಲ್ಲಿ ವಯೋಮಿಂಗ್‌ನ ಡೇನಿಯಲ್ ಊರಲ್ಲಿ ಒಬ್ಬ ಸ್ನೋಮೊಬೈಲಿನಿಂದ ತೋಳಕ್ಕೆ ಗುದ್ದಿ, ಬಾಯಿಗೆ ಟೇಪ್ ಸುತ್ತಿ, ಜೀವಂತ ಬಾರ್‌ಗೆ ಎಳೆದುಕೊಂಡು ಹೋಗಿದ್ದು ಗೊತ್ತಲ್ಲ. ಆಗ ಬಿದ್ದ ದಂಡ 250 ಡಾಲರ್. ಆ ವಾರ ಆಫೀಸಿನಲ್ಲಿ ನಾನು ಬೇಟೆಗಾರ ಅಂತ ಹೇಳಿಕೊಳ್ಳಲು ಮುಖ ಇರಲಿಲ್ಲ. ಅವನನ್ನು ನಮ್ಮ ಲೆಕ್ಕಕ್ಕೆ ಸೇರಿಸಬೇಡಿ.

ಹಟ್ಟಿಹುಡುಗ (ಗಂಗಾವತಿ / ಬೆಂಗಳೂರು)

ನಾನು ಕುರಿ ಕಾಯುವ ಮನೆಯವನು, ಈಗ ಕಂಪ್ಯೂಟರ್ ಕಾಯುತ್ತೇನೆ. ಅಮೆರಿಕದ ವಿಷಯದಲ್ಲಿ ನನಗೇನು ಕೆಲಸ ಅಂತ ಸುಮ್ಮನಿದ್ದೆ. ಗೌಡ್ರು "ಕೊಟ್ಟಿಗೆಗೆ ಬರುತ್ತದೆ" ಅಂದದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಹಟ್ಟಿಗೆ ಬಂದಿದೆ. ನಾನು ಏಳನೇ ಕ್ಲಾಸು. ಹಿಂಗಾರು ಜೋಳ ಕೊಯ್ದ ಹೊಲದಲ್ಲಿ ಕುರಿ ಕೂರಿಸಿದ್ದೆವು. ಬೆಳಗಿನ ಜಾವ ನಾಯಿಗಳು ಒಂದು ಕಡೆ ಬೊಗಳುತ್ತಾ ಓಡಿದವು. ತೋಳ ಬಂದದ್ದು ಇನ್ನೊಂದು ಕಡೆಯಿಂದ. ಒಂದು ನಾಯಿಗಳನ್ನು ಎಳೆಯುತ್ತದೆ, ಇನ್ನೊಂದು ಒಳಗೆ ನುಗ್ಗುತ್ತದೆ, ಅದೇ ಅದರ ಆಟ. ನನ್ನಿಂದ ಹತ್ತು ಮಾರು ದೂರದಲ್ಲಿ ಮರಿಯನ್ನು ಕುತ್ತಿಗೆಗೆ ಹಿಡಿದು ಹೋಯಿತು. ಶಬ್ದವೇ ಇಲ್ಲ. ಅಜ್ಜ ಕಂಬಳಿ ಕೊಡವಿಕೊಂಡು ಎದ್ದವನು ಕೋಲು ಹಿಡಿದು ನಾಲ್ಕು ಹೆಜ್ಜೆ ಓಡಿ ನಿಂತ. "ಅದಕ್ಕೂ ಹೊಟ್ಟಿ ಐತಲ್ಲೋ" ಅಂದ. ಅಮ್ಮ ಮಾತ್ರ ಮಧ್ಯಾಹ್ನದವರೆಗೂ ತೋಳಕ್ಕೆ ಶಾಪ ಹಾಕಿದಳು. ಇಬ್ಬರೂ ಒಂದೇ ಮನೆಯವರು. ಅಜ್ಜನ ಮಾತನ್ನು ಮಾತ್ರ ಹಿಡಿದುಕೊಂಡು "ಕುರುಬರು ತೋಳವನ್ನು ಪ್ರೀತಿಸುತ್ತಾರೆ" ಅಂತ ಬರೆಯುವವರನ್ನು ಕಂಡರೆ ನನಗೆ ನಗು.

ನಮ್ಮಲ್ಲಿ ತೋಳಕ್ಕೆ ಕಾನೂನಿನಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆ ಇದೆ. ದೇಶದಲ್ಲಿ ಎಲ್ಲೂ ಬೇಟೆ ಇಲ್ಲ. ಹಾಗಾಗಿ ಬಫರ್ ಜಗಳವೂ ಇಲ್ಲ. ಆದರೆ ನಮ್ಮ ತೋಳ ಇರುವುದು ಕಾಡಿನಲ್ಲಿ ಅಲ್ಲ, ಕುರುಚಲು ಗುಡ್ಡದಲ್ಲಿ, ಹೊಲದಲ್ಲಿ, ಹುಲ್ಲುಗಾವಲಲ್ಲಿ. ಹೆಚ್ಚಿನವು ಯಾವ ಧಾಮದ ಗೆರೆಯನ್ನೂ ಕಂಡಿಲ್ಲ. ನಮ್ಮ ಗಂಗಾವತಿ ಕಡೆಯ ಬಂಕಾಪುರದಲ್ಲಿ ಈಗ ತೋಳಧಾಮ ಆಗಿದೆ, 332 ಹೆಕ್ಟೇರ್. ಸಂತೋಷ. ತೋಳ ಒಂದು ರಾತ್ರಿ ನಡೆದರೆ ಅದರಿಂದ ಆಚೆ. ನಿಮ್ಮ 22 ಲಕ್ಷ ಎಕರೆಯೇ ಸಾಲದಿದ್ದರೆ ನಮ್ಮದು ಅಂಗಳ.

ಅಲ್ಲಿ ದನ ಸತ್ತರೆ ದುಡ್ಡು ಕೊಡುತ್ತಾರಾ?

ಎಲ್ಕ್‌ಬಸವ

ಕೊಡುತ್ತಾರೆ. ಅದಕ್ಕೇ ರಾಜ್ಯದ ಒಂದು ಮಂಡಳಿ ಇದೆ. ತೋಳ ಹಿಡಿದದ್ದೇ ಅಂತ ಅಧಿಕಾರಿ ಬಂದು ಖಚಿತ ಮಾಡಿದರೆ ಮಾರುಕಟ್ಟೆ ಬೆಲೆ ಸಿಗುತ್ತದೆ. ತಕರಾರು ಇರೋದು ಅಲ್ಲೇ. ಬೇಸಿಗೆಯಲ್ಲಿ ಗುಡ್ಡದ ಮೇಲೆ ಮೇಯುವ ಕರು ಸತ್ತು ನಾಲ್ಕು ದಿನ ಆದಮೇಲೆ ಸಿಕ್ಕರೆ ಉಳಿದಿರೋದು ಗೊರಸು. ಯಾರು ಖಚಿತ ಮಾಡುತ್ತಾರೆ?

ಹಟ್ಟಿಹುಡುಗ

ಹಾಗಾದರೆ ಅದೂ ನಮ್ಮಲ್ಲಿದ್ದ ಹಾಗೇ ಬಿಡಿ 🙂

ಅಂಕಿಅಂಶ

ಬಫರ್ ಬಗ್ಗೆ ಎರಡು ಉದಾಹರಣೆ ಹೇಳಿ ಸುಮ್ಮನಾಗುತ್ತೇನೆ.

ಕೆನಡಾದ ಅಲ್ಗಾಂಕ್ವಿನ್ ಪಾರ್ಕಿನ ಸುತ್ತ 2001ರಲ್ಲಿ ತೋಳದ ಬೇಟೆ, ಟ್ರಾಪಿಂಗ್ ನಿಲ್ಲಿಸಿದರು. 2004ರಲ್ಲಿ ಅದನ್ನು ಕಾಯಂ ಮಾಡಿದರು. ತೋಳ ಒಂದಕ್ಕೆರಡಾಗಿ ಎಲ್ಲ ಕಡೆ ತುಂಬಿಕೊಳ್ಳುತ್ತವೆ ಅಂತ ಬೇಟೆಗಾರರು ಹೆದರಿದರು. ಹಾಗೇನೂ ಆಗಲಿಲ್ಲ, ಸಂಖ್ಯೆ ಹೆಚ್ಚುಕಮ್ಮಿ ಅಷ್ಟೇ ಇತ್ತು. ಬದಲಾದದ್ದು ಬೇರೆ. ಮೊದಲು ಗುಂಪುಗಳಲ್ಲಿ ಎಲ್ಲೆಲ್ಲಿಂದಲೋ ಬಂದು ಸೇರಿಕೊಂಡ ತೋಳಗಳು ಜಾಸ್ತಿ ಇದ್ದವು. ನಿಷೇಧದ ನಂತರ ಅಪ್ಪ, ಅಮ್ಮ, ಮಕ್ಕಳು ಇರುವ ಕುಟುಂಬಗಳಾದವು. ಅಂದರೆ ಆ ಬೇಟೆಗಾರರ ಭಯ ಸುಳ್ಳಾಯಿತು. "ಬಫರ್ ಇಲ್ಲದಿದ್ದರೆ ತೋಳ ಮುಗಿಯಿತು" ಅನ್ನುವವರಿಗೂ ಅದರಲ್ಲಿ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ.

ಅಲಾಸ್ಕಾದ ಡೆನಾಲಿಯಲ್ಲಿ ಉಲ್ಟಾ. ಇದ್ದ ಬಫರನ್ನು 2010ರಲ್ಲಿ ತೆಗೆದರು. ಬಫರ್ ಇದ್ದ ವರ್ಷಗಳಲ್ಲಿ ಪಾರ್ಕಿನ ರಸ್ತೆಯಲ್ಲಿ ತೋಳ ಕಾಣೋ ಸಾಧ್ಯತೆ ಹೆಚ್ಚಿತ್ತು ಅಂತ ಆಮೇಲಿನ ಅಧ್ಯಯನ ತೋರಿಸಿತು.

ಮೊಂಟಾನಾದಲ್ಲಂತೂ ಬಫರ್ ಅನ್ನೋ ಮಾತೇ ಎತ್ತುವ ಹಾಗಿಲ್ಲ. 2012ರ ಡಿಸೆಂಬರಿನಲ್ಲಿ ರಾಜ್ಯದ ವನ್ಯಜೀವಿ ಆಯೋಗ ಪಾರ್ಕ್ ಪಕ್ಕದ ಜಾಗದಲ್ಲಿ ಬೇಟೆ ನಿಲ್ಲಿಸಿತ್ತು. ಕೋರ್ಟು ಅದಕ್ಕೆ ತಡೆ ಕೊಟ್ಟಿತು. 2013ರಲ್ಲಿ ಶಾಸಕರು ರಾಷ್ಟ್ರೀಯ ಉದ್ಯಾನಗಳ ಸುತ್ತ ಅಂಥ ನಿಷೇಧ ಹಾಕಬಾರದು ಅಂತ ಕಾನೂನೇ ತಂದರು. ಆದ್ದರಿಂದ ಈಗ ಉಳಿದಿರುವ ದಾರಿ ಚಿಕ್ಕ ಕೋಟಾ ಒಂದೇ.

ಐಡಾಹೋಗೌಡ

ಅಲ್ಗಾಂಕ್ವಿನ್ ನನಗೆ ಗೊತ್ತಿರಲಿಲ್ಲ. ಓದುತ್ತೇನೆ.

ಸರಿ, ನನ್ನ ಕೊನೆ ಮಾತು. ಆರು ಅಂದರೆ ಒಪ್ಪಬಹುದು. 24 ಗಂಟೆಯೊಳಗೆ ವರದಿ ಮಾಡಿ, ಆರು ತುಂಬಿದ ತಕ್ಷಣ ಮುಚ್ಚಿ, ಅದಕ್ಕೂ ಒಪ್ಪಿಗೆ. ಸೊನ್ನೆ ಅಂದರೆ ನಾನಿಲ್ಲ. ಸೊನ್ನೆ ಆದ ದಿನ ಏನಾಗುತ್ತದೆ ಗೊತ್ತಾ? ಇಲ್ಲಿ ಹಳ್ಳಿಗಳಲ್ಲಿ ಒಂದು ಮಾತಿದೆ: ಹೊಡಿ, ಹೂಳು, ಬಾಯಿ ಮುಚ್ಚು. ಈಗ ಟ್ಯಾಗ್ ತೆಗೆದುಕೊಂಡು ಹೊಡೆಯುವವನು ಹಲ್ಲು ಕೊಡುತ್ತಾನೆ, ಲೆಕ್ಕ ಕೊಡುತ್ತಾನೆ, ಕಾಲರ್ ಇದ್ದರೆ ವಾಪಸ್ ಕೊಡುತ್ತಾನೆ. ಆಗ ಯಾರೂ ಏನೂ ಕೊಡಲ್ಲ. ಅಂಕಿಅಂಶ ಅವರ ಹತ್ತಿರ ಅಂಕಿಯೇ ಇರಲ್ಲ.

ಮಡಿಕೇರಿಮಂಜು

ಗೌಡ್ರೇ, ಇದು ಮಾತ್ರ ಸತ್ಯ. ನಮ್ಮ ಕಡೆ ಸೊನ್ನೆ ಆಗಿ 50 ವರ್ಷ ದಾಟಿತು. ಕಾಡುಹಂದಿಯ ಬಗ್ಗೆ ನಾನು ಇಲ್ಲಿ ಏನೂ ಬರೆಯಲ್ಲ.

ಸ್ಪಾಟಿಂಗ್‌ಸ್ಕೋಪ್

ನನಗೆ ಸೊನ್ನೆಯೇ ಬೇಕು. ಆದರೆ ಆರು ಸಿಕ್ಕರೆ ಉಳಿಸಿಕೊಳ್ಳೋಣ ಅನ್ನುತ್ತೇನೆ, ಏಕೆಂದರೆ 2021 ನೋಡಿದ್ದೇನೆ.

ಬಸವ ಅವರೇ, ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಎಲ್ಕ್‌ಬಸವ

ಕಾಲರ್ ಇತ್ತು ಮೇಡಂ. ಕೂತಿದ್ದಾಗ ಕಾಣಲಿಲ್ಲ, ಚಳಿಗಾಲದ ಕೂದಲು ದಪ್ಪ. ಎದ್ದು ತಿರುಗಿದಾಗ ಕಂಡಿತು. ಕಾಲರ್ ಇದ್ದರೂ ಹೊಡೆಯಬಹುದು, ಅದು ಕಾನೂನು. ಕಾಲರ್ ನೋಡಿ ಬಿಟ್ಟೆ ಅಂತ ಹೇಳಿಕೊಳ್ಳಬಹುದಿತ್ತು, ಆದರೆ ಅಷ್ಟು ಹೊತ್ತಿಗೆ ಬಂದೂಕು ಇಳಿಸಿಯಾಗಿತ್ತು.

ಯಾವ ಕಡೆ ಹೋಯಿತು ಅಂತ ಕ್ಯಾಂಪಿನಲ್ಲಿ ಕೇಳಿದರು. ಪಾರ್ಕ್ ಇದ್ದದ್ದು ನನ್ನ ಬೆನ್ನ ಹಿಂದೆ, ದಕ್ಷಿಣಕ್ಕೆ, ಎರಡು ಮೈಲಿಯೂ ಇಲ್ಲ. ಎರಡೂ ಉತ್ತರಕ್ಕೆ ಹೋದವು. ಹಿರಿಯನ ತಮ್ಮನ ರಾಂಚ್ ಇರುವ ಕಡೆ.